ಪುಟ್ಟ ಕೊಸೆಟ್ ಪಾತ್ರ ಮಾಡುವ ಮಕ್ಕಳಿಗೆ

1985ರಿಂದ ಲಂಡನ್‌ನಲ್ಲಿ ನಡೆಯುತ್ತಿರುವ ‘ಲೆ ಮಿಸೆರಾಬ್ಲ್’ ಸಂಗೀತ ನಾಟಕದ ಪುಟ್ಟ ಕೊಸೆಟ್ ಪಾತ್ರವನ್ನು ನಿಮ್ಮ ಮಗು ಮಾಡ್ತಾ ಇದ್ದರೆ ಇದು ಉಪಯೋಗಕ್ಕೆ ಬರಬಹುದು.

ಕೊಸೆಟ್ ಪರರ ಹೋಟೆಲಿನಲ್ಲಿ ಕಸ ಗುಡಿಸುತ್ತಾ, ನೀರು ಹೊರುತ್ತಾ ಬೆಳೆಯುವ ಅಂಜುಬುರುಕಿ ಹುಡುಗಿ. ಅದಕ್ಕೇ ಮಕ್ಕಳು ದನಿಯನ್ನೂ ಕುಗ್ಗಿಸಿಬಿಡ್ತಾರೆ. ಹಾಗೆ ಮಾಡಿಸಬೇಡಿ. ಅಂಜಿಕೆ ಮೈಯಲ್ಲಿರಲಿ, ದನಿ ಕೊನೇ ಸಾಲಿಗೂ ಮುಟ್ಟಲಿ. ಪೊರಕೆಯನ್ನು ಎರಡೂ ಕೈಯಲ್ಲಿ ಎದೆಗೆ ಹತ್ತಿರ ಹಿಡಿಯಲಿ, ಗುಡಿಸುವಾಗ ಕಣ್ಣು ನೆಲದ ಮೇಲಿರಲಿ. ಹಾಡು ಶುರುವಾದಾಗ ಮಾತ್ರ ತಲೆ ಎತ್ತಬೇಕು. ಗಲ್ಲ ಎದೆಗೆ ತಾಗಿದರೆ ದನಿ ಗಂಟಲಲ್ಲೇ ಉಳಿಯುತ್ತೆ.

ಬಾವಿಗೆ ಹೋಗುವ ದೃಶ್ಯಕ್ಕೆ ಖಾಲಿ ಬಕೆಟ್ ಕೊಡಬೇಡಿ. ತಳದಲ್ಲಿ ಮಗು ಎತ್ತುವಷ್ಟು ಭಾರ ಇಡಿ, ಭುಜ ತಾನಾಗಿಯೇ ವಾಲುತ್ತೆ. ನಟನೆ ಹೇಳಿಕೊಡುವ ಅರ್ಧ ಕೆಲಸ ಉಳಿತಾಯವಾಯ್ತು, ಅಲ್ವಾ?

ಅವಳನ್ನು ಅಲ್ಲಿಂದ ಕರೆದೊಯ್ಯಲು ಬರುವ ವಾಲ್‌ಜಾನ್ ಕೈ ಚಾಚಿದ ತಕ್ಷಣ ಓಡಿಹೋಗಿ ಹಿಡಿಯೋದು ಬೇಡ. ಮೊದಲು ಅವನ ಕೈ ನೋಡಬೇಕು, ಆಮೇಲೆ ಮುಖ. ತನ್ನ ಕೈಯನ್ನು ಫ್ರಾಕಿಗೆ ಒರೆಸಿಕೊಂಡು ಆಮೇಲೆ ಕೊಡಲಿ. ‘ಅಳು, ಅಳು’ ಅಂತ ಮಾತ್ರ ಒತ್ತಾಯ ಮಾಡಬೇಡಿ. ಸುಮ್ನೆ ಅತ್ತರೆ ಮೂಗು ಕಟ್ಟುತ್ತೆ, ಶ್ರುತಿ ಹೋಗುತ್ತೆ.

ಈ ಪಾತ್ರಕ್ಕೆ ಸಾಮಾನ್ಯವಾಗಿ ಸರದಿ ಮೇಲೆ ಒಬ್ಬರಿಗಿಂತ ಜಾಸ್ತಿ ಮಕ್ಕಳಿರುತ್ತಾರೆ. ಎಲ್ಲರೂ ಅದೇ ಬಕೆಟ್, ಅದೇ ಪೊರಕೆ ಹಿಡಿದೇ ಪ್ರಾಕ್ಟೀಸ್ ಮಾಡಲಿ.