ಬೂಟು ಬಿಟ್ಟು ಮರದ ಚೆಂಡು ಹಿಡಿದೆವು: ಚಿವಾವಾದಲ್ಲಿ ನನ್ನ ಅನುಭವ

ಹೋದ ತಿಂಗಳು ನಮ್ಮ ಹುಡುಗರು ಒಂದು ಮರದ ಚೆಂಡಿನ ಹಿಂದೆ ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ಓಡಿದರು. ಹೆಚ್ಚುಕಮ್ಮಿ 30 ಕಿ.ಮೀ. ಆಗಿರಬೇಕು. ನಡುವೆ ಬಿಟ್ಟವರು ಇಬ್ಬರೇ. ಇದು ಆಗಲ್ಲ ಅಂದವರು ಬಹಳ ಜನ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೆಕ್ಸಿಕೋದ ಚಿವಾವಾ ನಗರದ ಒಂದು ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಬೆಟ್ಟದ ಕಡೆ ಬರ, ಮರಗಳ್ಳರು, ಗಾಂಜಾ ಗ್ಯಾಂಗುಗಳ ಕಾಟ ತಡೆಯಲಾಗದೆ ಇಳಿದುಬಂದ ರರಾಮುರಿ ಕುಟುಂಬಗಳು ಇಲ್ಲಿ ಇವೆ. ದೂರದ ಓಟಕ್ಕೆ ಹೆಸರಾದ ಬುಡಕಟ್ಟಿನ ಜನ. ಅವರ ಮಕ್ಕಳು ಸಿಮೆಂಟಿನ ಮೇಲೆ ಬೆಳೆಯುತ್ತಿದ್ದಾರೆ. ಇವರಿಗೆ ಓಟ ಮತ್ತೆ ಹಿಡಿಸಬೇಕು ಅಂತ ಶುರು ಮಾಡಿದೆ.

ಮೊದಲ ವರ್ಷ ಪೂರ್ತಿ ಹಾಳು. 12 ಜೊತೆ ಬೂಟು ತಂದೆ, ಸುಮಾರು 18,000 ಪೆಸೊ. ಸ್ಟಾಪ್‌ವಾಚ್, ಮೆಡಲ್, ವಾರದ ಪ್ಲಾನ್ ಎಲ್ಲ ಇತ್ತು. ಎರಡು ತಿಂಗಳಲ್ಲಿ ಉಳಿದವರು ನಾಲ್ಕು ಜನ. ಬೂಟುಗಳು ಅಣ್ಣಂದಿರ ಕಾಲು ಸೇರಿದವು. ಮುಂದೆ ಹೋದ ಹುಡುಗ ನಿಂತು ಹಿಂದಿನವನಿಗೆ ಕಾಯುತ್ತಿದ್ದ. ನಾನು ಗದರುತ್ತಿದ್ದೆ. ಈಗ ನೆನೆದರೆ ಬೇಜಾರಾಗುತ್ತದೆ.

ಒಂದು ದಿನ ಬಡಾವಣೆಯ ಅಜ್ಜಿಯೊಬ್ಬರು ಬಂದು ಕೇಳಿದರು: "ಚೆಂಡು ಎಲ್ಲಿ ಮಗ? ಪಣ ಎಲ್ಲಿ?"

ರರಾಮುರಿಗಳ ಓಟ ಅಂದರೆ ರರಾಹಿಪರಿ. ಎರಡು ತಂಡ, ತಂಡಕ್ಕೊಂದು ಚೆಂಡು. ಒದೆಯುವ ಹಾಗಿಲ್ಲ, ಕಾಲ್ಬೆರಳಿಂದ ಎತ್ತಿ ಎಸೆಯಬೇಕು. ಒಬ್ಬ ಎಸೆದರೆ ಇನ್ನೊಬ್ಬ ಹುಡುಕುತ್ತಾನೆ. ಒಬ್ಬನೇ ಮುಂದೆ ಓಡಿಹೋದರೆ ಲಾಭವೇ ಇಲ್ಲ. ನನ್ನ ಹುಡುಗರು ಕಾಯುತ್ತಿದ್ದುದು ಸೋಮಾರಿತನದಿಂದ ಅಲ್ಲ ಅಂತ ಆಗ ಗೊತ್ತಾಯಿತು.

ನನ್ನ ಓಟದ ಕ್ಲಬ್ಬಿನ ಗೆಳೆಯರು ಒಪ್ಪಲಿಲ್ಲ. ಚೆಂಡಾಟದಿಂದ ಲಾಂಗ್ ರನ್ ಹೇಗೆ ಬರುತ್ತೆ ಅಂದರು. 1993ರಲ್ಲಿ ಅಮೆರಿಕದ ಲೆಡ್‌ವಿಲ್‌ನಲ್ಲಿ 100 ಮೈಲಿ ಓಟ ಗೆದ್ದ ರರಾಮುರಿ ವಿಕ್ಟೋರಿಯಾನೊ ಚುರೊಗೆ ಆಗ 55 ವರ್ಷ, ಕಾಲಲ್ಲಿ ಟೈರ್ ಚಪ್ಪಲಿ. ಮರುವರ್ಷ ಇನ್ನೊಬ್ಬ ರರಾಮುರಿ ಹುವಾನ್ ಹೆರೆರಾ ಅದೇ ಓಟವನ್ನು ಹದಿನೇಳೂವರೆ ಗಂಟೆಯಲ್ಲಿ ಮುಗಿಸಿದ. ಅವರು ಕಲಿತದ್ದು ಯಾವ ಟ್ರ್ಯಾಕಲ್ಲಿ ಅಂತ ಕೇಳಿದೆ. ಸುಮ್ನಾದರು.

ಚೆಂಡಿನದ್ದೇ ದೊಡ್ಡ ತಲೆನೋವು. ಲೇತಿನಲ್ಲಿ ಪೈನ್ ಮರದ್ದು ಮಾಡಿಸಿದೆ, ಒಂದಕ್ಕೆ 150 ಪೆಸೊ. ಮೊದಲ ದಿನವೇ ಸೀಳಿತು. ಗಟ್ಟಿ ಮರದ್ದು ಮಾಡಿಸಿದರೆ ಭಾರ ಜಾಸ್ತಿ, ಮೂವರ ಉಗುರು ಕಪ್ಪಾಯಿತು. ಕೊನೆಗೆ ಬೆಟ್ಟದ ಊರು ಕ್ರೀಲ್ ಕಡೆಯ ಒಂದು ಮನೆಯಿಂದ ಓಕ್ ಬೇರಿನಲ್ಲಿ ಕೈಯಿಂದ ಕೆತ್ತಿದ್ದು ತಂದೆ. 80 ಪೆಸೊ, ಕ್ರಿಕೆಟ್ ಚೆಂಡಿಗಿಂತ ತುಸು ದೊಡ್ಡದು. ಒಂದೂ ಸೀಳಿಲ್ಲ. ಮರವನ್ನು ಹದ ಮಾಡುವುದು ಹೇಗೆ ಅಂತ ಅವರು ನನಗೆ ತೋರಿಸಿದ್ದಾರೆ. ಅದು ಆ ಮನೆಯ ವಿದ್ಯೆ, ಇಲ್ಲಿ ಬರೆಯಲ್ಲ.

ಪಣ ಕಟ್ಟಿಸುವವರಿಗೆ ಚೊಕೆಯಾಮೆ ಅನ್ನುತ್ತಾರೆ. ಅವರಿಲ್ಲದೆ ಓಟವೇ ಇಲ್ಲ. ನಮಗೆ ಆ ಕೆಲಸ ಮಾಡಿದ್ದು ಅಜ್ಜಿಯ ತಮ್ಮ. ಮಕ್ಕಳು ದುಡ್ಡು ಮುಟ್ಟುವುದಿಲ್ಲ. ದೊಡ್ಡವರು ಎರಡೂ ಕಡೆಯ ಬಟ್ಟೆ, ಉಲ್ಲನ್, ಸೋಪು ಜೋಡಿ ಮಾಡಿ ಪಣ ಕಟ್ಟುತ್ತಾರೆ. ಪಣ ಕಟ್ಟಿದವರು ಮನೆಯಲ್ಲಿ ಕೂರುತ್ತಾರಾ? ಇಡೀ ಬಡಾವಣೆ ಬಂತು. ನನ್ನ ಖರ್ಚು ಜೋಳಕ್ಕೆ, ಊಟಕ್ಕೆ ಸೇರಿ 3,000 ಪೆಸೊ ಒಳಗೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅವರ ಪಿನೋಲೆ ಅಂದರೆ ಹುರಿದ ಮೆಕ್ಕೆಜೋಳದ ಪುಡಿ. ನಮ್ಮ ಹುರಿಹಿಟ್ಟಿನ ಅಕ್ಕ ಅಲ್ವಾ! ಅಮ್ಮ ಕಳಿಸಿದ ರಾಗಿ ಹುರಿಹಿಟ್ಟನ್ನು ನೀರು, ಬೆಲ್ಲ ಹಾಕಿ ಕಲಸಿಕೊಂಡು 25 ಕಿ.ಮೀ. ಓಡಿದೆ. ಗಟ್ಟಿಯಾದರೆ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂರುತ್ತದೆ. ದೊಡ್ಡ ಲೋಟ ನೀರಿಗೆ ಎರಡು ಚಮಚ ಸಾಕು. ಹುಡುಗರು ಮಾತ್ರ ಪಿನೋಲೆ ಬಿಡಲಿಲ್ಲ.

ಟೈರ್ ಚಪ್ಪಲಿ ನಾನೇ ಕತ್ತರಿಸುತ್ತೇನೆ. 20 ಜೊತೆಗೆ ಎರಡು ಹಳೆ ಟೈರ್ ಸಾಕಾಯಿತು. ದಾರ ಬೆರಳ ಸಂದಿಯಲ್ಲಿ ಇಳಿಯುವ ತೂತು ಎಲ್ಲಿರಬೇಕು ಅನ್ನೋದೇ ಎಲ್ಲ. ಅದನ್ನು ಕಂಡುಕೊಳ್ಳಲು ನನಗೆ ಆರು ತಿಂಗಳು ಬೇಕಾಯಿತು. ನೀವೂ ಹುಡುಕಿ.

ಓಟದ ದಿನ ಅಜ್ಜಿ ಸುತ್ತಿಗೊಂದು ಕಲ್ಲು ಸಾಲಾಗಿ ಇಟ್ಟು ಕೂತರು. ಸುತ್ತು ಮುಗಿದ ಹಾಗೆ ಒಂದೊಂದೇ ತೆಗೆದರು. ನನ್ನ ವಾಚನ್ನು ಯಾರೂ ಕೇಳಲಿಲ್ಲ.

ಮುಂದಿನದು ಹುಡುಗಿಯರ ಓಟ, ಅರಿವೇಟಾ. ಚೆಂಡಿನ ಬದಲು ಬಳೆಯಂಥ ರಿಂಗು, ಅದನ್ನು ಎಸೆಯಲು ಕೈಯಲ್ಲಿ ಕೋಲು, ಮೈಮೇಲೆ ಅವರ ಅಗಲವಾದ ಲಂಗ. ಅಭ್ಯಾಸಕ್ಕೆ ಈಗ ತಾಯಂದಿರೂ ಬರುತ್ತಿದ್ದಾರೆ. ಪಣದ ಬಟ್ಟೆ ಅಜ್ಜಿಯ ಮನೆಯಲ್ಲಿ ಆಗಲೇ ಗಂಟು ಕಟ್ಟಿ ಇಟ್ಟಾಗಿದೆ.