ಹಡಗಿನ ಲೋಹ, ಷೆವರ್ಲೆಯ ಸದ್ದು

ಪುತ್ತೂರಿನ ಸೋದರಮಾವನ ಮನೆಯಲ್ಲಿ, ಅಡಿಕೆ ಸುಲಿಯುವ ಕೊಟ್ಟಿಗೆಯ ಪಕ್ಕ, 1947ರ ಷೆವರ್ಲೆ ಫ್ಲೀಟ್‌ಮಾಸ್ಟರ್ ಒಂದಿದೆ. ಮುಂಬೈಯ ಶಿವಡಿಯ ಕಾರ್ಖಾನೆಯಲ್ಲಿ ಜೋಡಣೆಯಾದದ್ದೆಂದು ಅಜ್ಜ ಹೇಳುತ್ತಿದ್ದರು. ಕಳೆದ ರಜೆಯಲ್ಲಿ ಅದನ್ನು ಹೊರಗೆ ತಳ್ಳಿ ಸ್ಟಾರ್ಟ್ ಮಾಡಿದೆವು. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಎಂಜಿನ್ನಿನ ಅಡಿಯಿಂದ ಟಕ್ ಟಕ್ ಎಂಬ ಸದ್ದು ಕೇಳಿಸಿತು.

"ಇದರ ಕಥೆ ಮುಗಿಯಿತು ಮಾರಾಯ" ಎಂದರು ಮಾವ.

ನನ್ನ ಕಿವಿ ಮಾತ್ರ ನೆಟ್ಟಗಾಯಿತು. ಆ ಸದ್ದು ಯಾವ ಲೋಹದ್ದೆಂದು ನನಗೆ ಗೊತ್ತಿತ್ತು.

ನಾನು ಸರಕು ಹಡಗಿನ ಎಂಜಿನಿಯರ್. ಹೆಚ್ಚು ವರ್ಷ ದುಡಿದದ್ದು ಮ್ಯಾನ್ ಬಿ ಅಂಡ್ ಡಬ್ಲ್ಯು ಕಂಪನಿಯ ಆರು ಸಿಲಿಂಡರಿನ ಎಸ್60ಎಂಸಿ ಎಂಬ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನಿನೊಂದಿಗೆ. ಅದರ ಪಿಸ್ಟನ್ನಿನ ವ್ಯಾಸ 600 ಮಿಲಿಮೀಟರ್, ಸ್ಟ್ರೋಕ್, ಅಂದರೆ ಅದು ಒಮ್ಮೆ ಓಡುವ ದೂರ, 2,292 ಮಿಲಿಮೀಟರ್. ಒಂದೇ ಸಿಲಿಂಡರಿನ ಹೊಟ್ಟೆಯಲ್ಲಿ ಸುಮಾರು 648 ಲೀಟರ್ ಜಾಗ. ಷೆವರ್ಲೆಯ ಆರೂ ಸಿಲಿಂಡರ್ ಕೂಡಿಸಿದರೂ ಮೂರೂವರೆ ಲೀಟರ್ ಅಷ್ಟೆ. ಹಡಗಿನದ್ದು 12,240 ಕಿಲೋವ್ಯಾಟ್ ಕೊಡುವುದು ನಿಮಿಷಕ್ಕೆ ಬರೀ 105 ಸುತ್ತಿನಲ್ಲಿ. ಮೇಲಿನ ಪ್ಲಾಟ್‌ಫಾರಂನಲ್ಲಿ ನಿಂತರೆ ಒಂದೊಂದು ಬಡಿತವನ್ನೂ ಎಣಿಸಬಹುದು, ಅಂಗಾಲಿಗೆ ತಾಗುತ್ತದೆ. ನೋಡಿದವರೆಲ್ಲ ಎಷ್ಟು ನಿಧಾನ ಎನ್ನುತ್ತಾರೆ. ಆದರೆ ಲೆಕ್ಕ ಹಾಕಿ: ಪಿಸ್ಟನ್ ಓಡುವ ಸರಾಸರಿ ವೇಗ ಸೆಕೆಂಡಿಗೆ ಎಂಟು ಮೀಟರ್. ಷೆವರ್ಲೆ ತನ್ನ 90 ಅಶ್ವಶಕ್ತಿ ಕೊಡುವ 3,300 ಸುತ್ತಿನಲ್ಲಿ ಅದರ ಪಿಸ್ಟನ್ನಿನದ್ದು ಹತ್ತೂವರೆ ಮೀಟರ್. ಎರಡೂ ಹೆಚ್ಚುಕಡಿಮೆ ಒಂದೇ ಓಟದವು. ಈ ಲೆಕ್ಕ ಕೂಡಿದ ರಾತ್ರಿ ಕ್ಯಾಬಿನ್ನಿನಲ್ಲಿ ನನಗೆ ನಿದ್ದೆ ಬರಲಿಲ್ಲ.

ಆ ಸದ್ದಿನ ಲೋಹದ ಪರಿಚಯವಾದದ್ದು ನಾನು ಫೋರ್ತ್ ಎಂಜಿನಿಯರ್ ಆಗಿದ್ದಾಗ, ಸಿಂಗಪುರದ ಹೊರಗೆ ಲಂಗರು ಹಾಕಿದ್ದ ದಿನ. ಎಂಜಿನ್ ನಿಲ್ಲಿಸಿದ ತಕ್ಷಣ ಕ್ರ್ಯಾಂಕ್‌ಕೇಸಿನ, ಅಂದರೆ ಕ್ರ್ಯಾಂಕ್‌ಶಾಫ್ಟ್ ತಿರುಗುವ ಕೆಳಗಿನ ಕೋಣೆಯ, ಬಾಗಿಲು ತೆಗೆಯುವ ಹಾಗಿಲ್ಲ. ಒಳಗಿನ ಬಿಸಿ ಎಣ್ಣೆಯ ಮಂಜಿಗೆ ಗಾಳಿ ಸೇರಿದರೆ ಸ್ಫೋಟವಾಗಬಹುದು. ಆರಿದ ಮೇಲೆ ಜೇಬು ಖಾಲಿ ಮಾಡಿ, ಟಾರ್ಚಿಗೆ ದಾರ ಕಟ್ಟಿಕೊಂಡು ಒಳಗಿಳಿದೆ. ಮೂರನೆಯ ಸಿಲಿಂಡರಿನ ಕೆಳಗೆ ಎಣ್ಣೆಯಲ್ಲಿ ತೊಗರಿಬೇಳೆಯಷ್ಟು ದೊಡ್ಡ ಬೆಳ್ಳನೆಯ ಚೂರು ಹೊಳೆಯಿತು. ಹೊರಗೆ ತಂದು ತೋರಿಸಿದಾಗ ಚೀಫ್ ಎಂಜಿನಿಯರ್ ಅದನ್ನು ಎರಡು ಬೆರಳ ನಡುವೆ ಇಟ್ಟು ಬಗ್ಗಿಸಿದರು. ಬಗ್ಗಿತು. "ವೈಟ್ ಮೆಟಲ್. ಬೇರಿಂಗ್ ಬಿಚ್ಚಿ" ಎಂದರು. ಬಿಚ್ಚಿದಾಗ ಬೇರಿಂಗಿನ ಅಂಚು ಬಿರುಕು ಬಿಟ್ಟಿತ್ತು. ಬೆಳಗಾಗುವಷ್ಟರಲ್ಲಿ ಬದಲಿಸಿದೆವು.

ತವರ, ಆಂಟಿಮನಿ, ತಾಮ್ರ ಬೆರೆಸಿದ ಮೆದು ಲೋಹ ಅದು, ಶಾಫ್ಟ್ ತಿರುಗುವ ಬೇರಿಂಗಿನ ಒಳಪದರ. ಕಸದ ಕಣ ಬಂದರೆ ತಾನು ನುಂಗಿಕೊಂಡು ಶಾಫ್ಟನ್ನು ಕಾಪಾಡುತ್ತದೆ. ಓಡುವಾಗ ಭಾರ ಹೊರುವುದು ನಡುವಿನ ತೆಳು ಎಣ್ಣೆಯ ಪೊರೆ. ಷೆವರ್ಲೆಯಲ್ಲಿ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳಲ್ಲೂ ಇದೇ ಜಾತಿಯ ಲೋಹವನ್ನು ನೇರವಾಗಿ ಎರಕ ಹೊಯ್ದಿದ್ದಾರೆ. ತೆಗೆದು ಬದಲಿಸುವ ಬಿಡಿ ಪದರ, ಅಂದರೆ ಶೆಲ್, ಇಲ್ಲ. ಲೋಹ ಸವೆದು ಸಂದು ದೊಡ್ಡದಾದರೆ ರಾಡು ಟಕ್ ಟಕ್ ಎಂದು ಬಡಿಯುತ್ತದೆ.

ಹಾಗಾಗಿ ಕೆಲಸ ಶುರು ಮಾಡಿದೆ. ಎಂಜಿನ್ ಓಡುತ್ತಿರುವಾಗ ಸ್ಪಾರ್ಕ್ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ತೆಗೆದು ಕಿವಿಗೊಟ್ಟೆ. ನಾಲ್ಕನೆಯದನ್ನು ತೆಗೆದಾಗ ಸದ್ದು ಅಡಗಿತು. ಎಣ್ಣೆ ಇಳಿಸಿ, ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಯಾದ ಸಂಪ್ ಬಿಚ್ಚಿದೆ. ನಾಲ್ಕನೆಯ ರಾಡಿನ ಕೆಳತುದಿಯ ಕ್ಯಾಪ್ ತೆಗೆದರೆ ಲೋಹ ಎಲ್ಲೂ ಬಿರುಕು ಬಿಟ್ಟಿರಲಿಲ್ಲ, ಸವೆದಿತ್ತಷ್ಟೆ. ಅಳತೆಗಿರುವ ಮೆದು ಪ್ಲಾಸ್ಟಿಕ್ ಎಳೆಯನ್ನು ನಡುವೆ ಇಟ್ಟು, ಬಿಗಿದು, ಮತ್ತೆ ಬಿಚ್ಚಿ, ಚಪ್ಪಟೆಯಾದ ಅಗಲದಿಂದ ಸಂದು ಎಷ್ಟೆಂದು ನೋಡಿದೆ: ನಾಲ್ಕು ಥೌ, ಅಂದರೆ ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು. ಕ್ಯಾಪಿನ ಎರಡೂ ಬದಿಯಿಂದ ಒಂದೊಂದು ಶಿಮ್, ಅಂದರೆ ತೆಳು ಲೋಹದ ಹಾಳೆ, ತೆಗೆದೆ. ಎರಡು ಥೌಗೆ ಇಳಿಯಿತು. ಕೆಲವರು ಶಿಮ್ ಬಿಟ್ಟು ಕ್ಯಾಪನ್ನೇ ಅರದಿಂದ ಉಜ್ಜುತ್ತಾರೆ. ದಯವಿಟ್ಟು ಮಾಡಬೇಡಿ, ರಂಧ್ರದ ದುಂಡು ಕೆಟ್ಟರೆ ಮತ್ತೆ ಎರಕವೇ ಗತಿ.

ಆದರೆ ನಾಲ್ಕನೆಯದೇ ಏಕೆ ಸವೆಯಿತು? ಈ ಎಂಜಿನ್ನಿನಲ್ಲಿ ಪ್ರತಿ ರಾಡಿನ ತುದಿಗೂ ಪುಟ್ಟ ಸೌಟಿನಂಥ ಡಿಪ್ಪರ್ ಇದೆ. ನಿಧಾನಕ್ಕೆ ಓಡುವಾಗ ಅದು ಕೆಳಗಿನ ತೊಟ್ಟಿಯಿಂದ ಎಣ್ಣೆ ಮೊಗೆಯುತ್ತದೆ. ವೇಗ ಹೆಚ್ಚಿದಾಗ ಸಂಪಿನ ನಳಿಗೆಯಿಂದ ಚಿಮ್ಮುವ ಧಾರೆ ನೇರವಾಗಿ ಸೌಟಿಗೆ ಬೀಳುತ್ತದೆ. ನಾಲ್ಕನೆಯ ನಳಿಗೆಯ ಬಾಯಲ್ಲಿ ಕಪ್ಪು ಗಷ್ಟು ಗಟ್ಟಿಯಾಗಿ ಕೂತಿತ್ತು. ತೆಳು ತಂತಿಯಿಂದ ಬಿಡಿಸಿ, ಆರೂ ನಳಿಗೆಗಳಿಗೆ ಪಂಪಿನಿಂದ ಎಣ್ಣೆ ಹಾಯಿಸಿ, ಧಾರೆಗಳು ಸರಿಯಾದ ಜಾಗಕ್ಕೆ ಬೀಳುತ್ತಿವೆಯೇ ಎಂದು ನೋಡಿದೆ. ಇಡೀ ಮಧ್ಯಾಹ್ನ ಹೋದದ್ದು ಇದಕ್ಕೇ.

ಸಂಜೆ ಉಪ್ಪಿನಂಗಡಿಯ ಕಡೆಗೆ ಹೊರಟೆವು. ಮೊದಲ ಇಳಿಜಾರಿನಲ್ಲಿ ನಾನು ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಮಾವ ಕಿಟಕಿಯ ಗಾಜು ಪೂರ್ತಿ ಇಳಿಸಿ, ತಲೆ ಹೊರಗಿಟ್ಟು, ಇಳಿಜಾರು ಮುಗಿಯುವವರೆಗೂ ಕೇಳುತ್ತಲೇ ಇದ್ದರು.