ಹೊಗೆಸೊಪ್ಪು ಬೆಳೀತಾ ಇದ್ದುಕೊಂಡೇ ಹೊಗೆಸೊಪ್ಪು ಬಿಟ್ಟಿದ್ದು

ನಮ್ದು ಪಿರಿಯಾಪಟ್ಟಣ ತಾಲ್ಲೂಕು. ಒಂದು ಲೈಸೆನ್ಸ್ ಬ್ಯಾರನ್ ಇದೆ, ಅಂದ್ರೆ ಹೊಗೆಸೊಪ್ಪಿನ ಎಲೆ ಬೆಂಕಿ ಶಾಖದಲ್ಲಿ ಒಣಗಿಸೋ ಮನೆ, ವರ್ಷಾ ವರ್ಷ ಹೊಗೆಸೊಪ್ಪು ಹಾಕ್ತೀವಿ, ಮನೆ ನಡೀತಿರೋದೇ ಅದ್ರಿಂದ. ನಾನು ಹದಿನೆಂಟು ವರ್ಷ ಬೀಡಿ ಸಿಗರೇಟು ಸೇದಿದೀನಿ, ಅದ್ರಲ್ಲಿ ಕೊನೇ ಹನ್ನೊಂದು ವರ್ಷ ಜೊತೆಗೆ ಗುಟ್ಕಾನೂ ಇತ್ತು. 2022ರಲ್ಲಿ ಶಿವರಾತ್ರಿ ಮಾರನೇ ದಿನ ಎರಡನ್ನೂ ಒಟ್ಟಿಗೇ ಬಿಟ್ಟೆ. ಹೆಂಗೆ ಬಿಟ್ಟೆ ಅಂತ ಸುಮಾರು ಜನ ಕೇಳ್ತಿರ್ತಾರೆ, ಅದೂ ಬೆಳೆಯೋನೇ ಬಿಟ್ಟ ಅಂದ್ರೆ ಇನ್ನೂ ಜಾಸ್ತಿ ಕೇಳ್ತಾರೆ, ಅದಕ್ಕೆ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ.

ಬೀಡಿ ಶುರುವಾಗಿದ್ದು ಬ್ಯಾರನ್ ಹತ್ರಾನೇ. ಗೊತ್ತಿಲ್ದೋರಿಗೆ ಹೇಳ್ತೀನಿ, ಹಸಿ ಎಲೆ ಮುರಿದು ಕೋಲಿಗೆ ಕಟ್ಟಿ ಬ್ಯಾರನ್ ಒಳಗೆ ಏರಿಸಿದ ಮೇಲೆ ಐದಾರು ದಿನ ಹಗಲು ರಾತ್ರಿ ಬೆಂಕಿ ನೋಡ್ಕೋಬೇಕು. ಮೊದ್ಲು ಸಣ್ಣ ಶಾಖದಲ್ಲಿ ಎಲೆ ಹಳದಿ ತಿರುಗ್ಬೇಕು, ಆಮೇಲೆ ನಿಧಾನಕ್ಕೆ ಏರಿಸ್ಕೊಂಡು ಹೋಗಿ ಕೊನೇಗೆ ದಂಟು ಒಣಗೋಕೆ 160 ಡಿಗ್ರಿ ಫ್ಯಾರನ್‌ಹೀಟ್ ತನಕ ತಗೊಂಡ್ಹೋಗ್ಬೇಕು. ಮಧ್ಯದಲ್ಲಿ ನಿದ್ದೆ ಹೋಗಿ ಬೆಂಕಿ ಏರುಪೇರಾದ್ರೆ ಇಡೀ ಬ್ಯಾರನ್ ಎಲೆ ಕಪ್ಪಾಗಿ ರೇಟು ಬಿದ್ದೋಯ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರ ಇರೋಕೆ ಅಪ್ಪ ಸೇದ್ತಿದ್ರು, ಕೂಲಿಯವ್ರು ಸೇದ್ತಿದ್ರು, ಹದಿನೇಳು ವರ್ಷದ ಹುಡುಗ ನಾನೂ ಒಂದು ಎಳೆದೆ. ಯಾರೂ ಬೈಲಿಲ್ಲ.

ಗುಟ್ಕಾ ಶುರುವಾಗಿದ್ದು ಟ್ರ್ಯಾಕ್ಟರ್ ಓಡಿಸುವಾಗ, ಕೈ ಖಾಲಿ ಇರಲ್ಲವಲ್ಲ ಅದಕ್ಕೆ. 2013ರ ಮೇ 31ಕ್ಕೆ ಸರ್ಕಾರ ಗುಟ್ಕಾ ಬ್ಯಾನ್ ಮಾಡ್ತು ನೋಡಿ, ಒಂದು ವಾರ ಎಲ್ಲೂ ಸಿಗ್ಲಿಲ್ಲ, ಸರಿ ಪೀಡೆ ತೊಲಗ್ತು ಅಂದ್ಕೊಂಡೆ, ಆಮೇಲೆ ಅದೇ ಮಾಲು ಎರಡು ಪ್ಯಾಕೆಟ್ ಆಗಿ ಬಂತು, ಒಂದ್ರಲ್ಲಿ ಪಾನ್ ಮಸಾಲ ಇನ್ನೊಂದ್ರಲ್ಲಿ ತಂಬಾಕು, ನಾವೇ ಅಂಗೈಲಿ ಮಿಕ್ಸ್ ಮಾಡ್ಕೊಳೋದು. ಕಾನೂನು ಪ್ರಕಾರ ಅದು ಗುಟ್ಕಾ ಅಲ್ಲ ಅಂತ ಆಗ ಹೇಳೋರು. ಬಾಯಿಗೆ ಆ ಕಾನೂನು ಗೊತ್ತಾಗ್ಬೇಕಲ್ಲ.

ಬಿಡ್ಬೇಕು ಅಂತ ಮೂರು ಸಲ ಟ್ರೈ ಮಾಡಿ ಸೋತಿದ್ದೆ. ಒಂದ್ಸಲ ಬ್ಯಾರನ್ ಸೀಜನ್ನಲ್ಲೇ ಬಿಡೋಕೆ ಹೋಗಿ ಮೂರನೇ ರಾತ್ರಿ ಕೂಲಿಯವ್ನ ಜೇಬಿಂದ ಬೀಡಿ ಕದ್ದು ಸೇದಿದೆ, ಕೇಳಿದ್ರೆ ಅವ್ನೇ ಕೊಡ್ತಿದ್ದ, ಆದ್ರೆ ಕೇಳೋಕೆ ಮರ್ಯಾದೆ ಅಡ್ಡ ಬಂತು. ಇನ್ನೊಂದ್ಸಲ ತಂಬಾಕು ಬಿಟ್ಟು ಬರೀ ಪಾನ್ ಮಸಾಲ ಹಾಕ್ತೀನಿ ಅಂತ ಜಾಣತನ ಮಾಡಿದೆ. ಮತ್ತೊಂದ್ಸಲ ಯಾರಿಗೂ ಹೇಳ್ದೆ ಬಿಟ್ಟೆ, ಯಾರಿಗೂ ಗೊತ್ತಿಲ್ದಂಗೇ ಮತ್ತೆ ಶುರು ಮಾಡ್ದೆ.

ನಾಲ್ಕನೇ ಸಲಕ್ಕೆ ಕಾರಣ ಬಸ್ಸಾರು. ಮುದ್ದೆ ಬಸ್ಸಾರು ಅಂದ್ರೆ ಪ್ರಾಣ ಬಿಡೋನು ನಾನು, ಬರ್ತಾ ಬರ್ತಾ ಖಾರ ಬಾಯಿಗೆ ಇಟ್ರೆ ಬೆಂಕಿ ಇಟ್ಟಂಗಾಗೋದು, ದೊಡ್ಡ ತುತ್ತು ಮುರಿದ್ರೆ ಬಾಯೊಳಗೆ ಹೋಗ್ತಿರ್ಲಿಲ್ಲ. ಊರಿಗೆ ಹಲ್ಲಿನ ಕ್ಯಾಂಪ್ ಬಂದಿತ್ತು, ಅಲ್ಲಿ ಡಾಕ್ಟ್ರಮ್ಮ ಒಬ್ರು ಮೂರು ಬೆರಳು ಒಂದ್ರ ಮೇಲೊಂದು ನಿಲ್ಸಿ ಬಾಯಲ್ಲಿ ಇಡಿ ಅಂದ್ರು. ಎರಡು ಸಲೀಸಾಗಿ ಹೋಯ್ತು, ಮೂರನೇದು ಹೋಗ್ಲೇ ಇಲ್ಲ. ಕೆನ್ನೆ ಒಳಗೆ ಚರ್ಮ ಬಿಳಿಚ್ಕೊಂಡು ನಾರು ನಾರಾಗಿದೆ, ಇದಕ್ಕೆ ಮುಖ್ಯ ಕಾರಣ ಅಡಿಕೆ, ಜೊತೆಗೆ ತಂಬಾಕು, ಇದು ಮುಂದಕ್ಕೆ ಕ್ಯಾನ್ಸರ್‌ಗೂ ತಿರುಗ್ಬಹುದು ಅಂದ್ರು. ಬಿಟ್ರೆ ಮೊದ್ಲಿನಂಗೆ ಆಗುತ್ತಾ ಅಂತ ಕೇಳ್ದೆ. ಪೂರ್ತಿ ಆಗಲ್ಲ, ಆದ್ರೆ ಇಲ್ಲಿಗೆ ನಿಲ್ಸೋಕೆ ಸಾಧ್ಯ, ಅಡಿಕೆ ಸಮೇತ ಬಿಡ್ಬೇಕು ಅಂದ್ರು. ನನ್ನ ಪಾನ್ ಮಸಾಲ ಜಾಣತನ ನೆನಪಾಗಿ ಮುಖ ಕೆಳಗೆ ಹಾಕ್ದೆ.

ಅವತ್ತು ಸಂಜೆ ಡೈರಿಗೆ ಹಾಲು ಹಾಕೋಕೆ ಹೋದಾಗ ಬಾಮೈದನ ಹತ್ರ ಹೇಳ್ದೆ, ಅವ್ನೂ ದಿನಕ್ಕೆ ಹನ್ನೆರಡು ಪ್ಯಾಕೆಟ್ ಗಿರಾಕಿ. ಪಕ್ಕದಲ್ಲಿ ಟ್ರ್ಯಾಕ್ಟರ್ ಅಣ್ಣ ಇದ್ದ, ಬೀಡಿ ಹಚ್ಚಿಕೊಂಡೇ 'ನಾನೂ ಬುಡ್ತೀನಿ ಕಣ್ರಲಾ' ಅಂದ. ಹಾಲಿನ ಕ್ಯಾನ್ ಇಟ್ಕೊಂಡು ನಿಂತಿದ್ದ ನಮ್ಮ ದೊಡ್ಡವ್ವ, ಮದುವೆ ಆದಾಗ್ಲಿಂದ ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕೋಳು, 'ಲೇ ನನ್ನೂ ಸೇರಿಸ್ಕಳಿ, ಬುಟ್ನೋ ಸತ್ನೋ ನೋಡವ' ಅಂದ್ಳು. ನಾವು ತಮಾಷೆ ಅಂದ್ಕೊಂಡ್ವಿ, ನಮ್ಮ ನಾಲ್ಕು ಜನರಲ್ಲಿ ಮೊದ್ಲಿಂದ ಕೊನೇತನಕ ಒಂದ್ಸಲಾನೂ ಜಾರ್ದೇ ಇರೋದು ಅವ್ಳೊಬ್ಳೇ.

ದಿನ ಆರಿಸೋದ್ರಲ್ಲಿ ಸ್ವಲ್ಪ ತಲೆ ಓಡಿಸಿದ್ವಿ. ಬ್ಯಾರನ್ ಟೈಮ್ ಬೇಡವೇ ಬೇಡ, ಒಣಗಿದ ಎಲೆ ಕಟ್ಟಿದ ಬೇಲು ಮಾರಾಟ ಮುಗೀಲಿ, ಹರಾಜಿನ ಟೆನ್ಷನ್ ಇರಬಾರದು ಅಂತ ಶಿವರಾತ್ರಿ ಮಾರನೇ ದಿನ ಅಂದ್ಕೊಂಡ್ವಿ. ಜಾಗರಣೆ ರಾತ್ರಿ ಮನಸ್ಸಿಗೆ ಬಂದಷ್ಟು ಸೇದಿದ್ವಿ, ಬೆಳಗ್ಗೆ ಉಳಿದಿದ್ದನ್ನೆಲ್ಲಾ ತಿಪ್ಪೆಗೆ ಹಾಕಿ ಮೇಲೆ ಸಗಣಿ ಸುರಿದ್ವಿ. ಸಗಣಿ ಐಡಿಯಾ ದೊಡ್ಡವ್ವಂದು, 'ಇಲ್ದೇಹೋದ್ರೆ ರಾತ್ರಿ ಬಂದು ಎತ್ಕತ್ತೀರ' ಅಂತ.

ಬಿಡೋಕೆ ಛಲ ಬೇಕು ಅಂತಾರಲ್ಲ, ಈಗ ಆ ವಿಷಯ. ನಾನು ತಿಳ್ಕೊಂಡಿದ್ದು ಛಲ ಅಂದ್ರೆ ಜೀವನ ಪೂರ್ತಿ ಮುಟ್ಟಲ್ಲ ಅಂತ ಆಣೆ ಮಾಡೋದು ಅಂತ. ಆಣೆನೆಲ್ಲಾ ಮೊದಲ ಮೂರು ಸಲಾನೂ ಮಾಡಿದ್ದೆ. ಈ ಸಲ ಪ್ಯಾಕೆಟ್ ಮೇಲೇ ಪ್ರಿಂಟ್ ಆಗಿರೋ 1800-11-2356 ನಂಬರ್‌ಗೆ ಫೋನ್ ಮಾಡಿದ್ದೆ, ಫ್ರೀ ನಂಬರ್, ಕನ್ನಡದಲ್ಲೇ ಮಾತಾಡಿದ್ರು, ಅವ್ರು ಹೇಳಿದ್ದು ಒಂದೇ ಮಾತು ನಂಗೆ ತಲೇಲಿ ಕೂತ್ಕೊಂತು: ಚಟ ಎದ್ದಾಗ ಅದರ ಜೋರು ಐದು ಹತ್ತು ನಿಮಿಷ ಅಷ್ಟೇ, ಆಮೇಲೆ ನೀವು ಸೇದಿದ್ರೂ ಇಳಿಯುತ್ತೆ ಸೇದ್ದಿದ್ರೂ ಇಳಿಯುತ್ತೆ. ಅಂದ್ರೆ ನಾನು ಜೀವನ ಪೂರ್ತಿ ಗೆಲ್ಲಬೇಕಾಗಿಲ್ಲ, ಹತ್ತು ನಿಮಿಷ ತಳ್ಳಿದ್ರೆ ಸಾಕು. ಅಷ್ಟು ಯಾರ ಕೈಲಾದ್ರೂ ಆಗುತ್ತೆ, ಅದೂ ಆ ಕಡೆ ಫೋನಲ್ಲಿ ಒಬ್ಬ ಇದ್ರೆ.

ಅದಕ್ಕೇ ನಾವು ಮಾಡ್ಕೊಂಡ ರೂಲ್ ಇದು: ಬೇಕು ಅನ್ನಿಸಿದ ತಕ್ಷಣ ಅಂಗಡಿಗೆ ಹೋಗೋಕೆ ಮುಂಚೆ ಒಬ್ರಿಗೆ ಫೋನ್ ಮಾಡ್ಬೇಕು, ಎತ್ತಿದೋನು ಹತ್ತು ನಿಮಿಷ ಏನಾದ್ರೂ ಮಾತಾಡ್ಬೇಕು, ತಂಬಾಕು ವಿಷಯ ಬಿಟ್ಟು. ವಾಟ್ಸಾಪಲ್ಲಿ ಒಂದು ಗ್ರೂಪ್, ಹೆಸ್ರು 'ಉಗುಳಬೇಡ'. ದೊಡ್ಡವ್ವಂಗೆ ಟೈಪ್ ಬರಲ್ಲ, ಮೊಮ್ಮಗಳ ಫೋನಿಂದ ವಾಯ್ಸ್ ಕಳ್ಸೋಳು. ಸಂಜೆ ಆರಕ್ಕೆ ಡೈರಿ ಹತ್ರ ಹೆಂಗೂ ಎಲ್ರೂ ಸೇರ್ತೀವಿ, ಅಲ್ಲಿ ಅವತ್ತಿಂದು ವರದಿ ಒಪ್ಪಿಸ್ಬೇಕು. ಯಾರಾದ್ರೂ ಜಾರಿದ್ರೆ ಎಲ್ರಿಗೂ ಟೀ ಕೊಡಿಸ್ಬೇಕು.

ಮೊದಲ ಮೂರು ದಿನ ನರಕ, ಅದನ್ನ ಸುಳ್ಳು ಹೇಳಲ್ಲ. ತಲೆನೋವು, ಯಾರ ಮುಖ ಕಂಡ್ರೂ ಸಿಟ್ಟು, ಎರಡನೇ ದಿನ ಪೈಪ್ ಸರಿಯಾಗಿ ಕೂರ್ಲಿಲ್ಲ ಅಂತ ಗುದ್ದಲಿ ಎಸೆದೆ, ನಮ್ಮ ಮನೆಯವಳು 'ಸೇದ್ಬಿಡಿ ಅತ್ಲಾಗೆ, ನಿಮ್ಮ ಕಾಟ ತಡೆಯೋಕಾಗ್ತಿಲ್ಲ' ಅಂದ್ಳು. ಯಾರೂ ಹೇಳ್ದೇ ಇರೋ ಇನ್ನೊಂದು ವಿಷಯ ಹೇಳ್ತೀನಿ, ನಾಚಿಕೆ ಪಟ್ರೆ ಆಗಲ್ಲ, ಬೆಳಗ್ಗೆ ಬೀಡಿ ಹಚ್ಚದೆ ಹೊಟ್ಟೆ ಕ್ಲಿಯರ್ ಆಗ್ಲಿಲ್ಲ, ಐದು ದಿನ. ಎಷ್ಟೋ ಜನ ಮತ್ತೆ ಶುರು ಮಾಡೋದು ಇದೇ ಕಾರಣಕ್ಕೆ. ಎದ್ದ ತಕ್ಷಣ ಎರಡು ಲೋಟ ಬಿಸಿನೀರು, ರಾತ್ರಿ ಪಚ್ಚಬಾಳೆಹಣ್ಣು, ಒಂದು ವಾರಕ್ಕೆ ದಾರಿಗೆ ಬಂತು.

ಕಾಫಿದು ಇನ್ನೊಂದು ಕತೆ. ದಿನಕ್ಕೆ ಐದು ಲೋಟ ಕುಡೀತಿದ್ದೆ, ಬಿಟ್ಟ ಮೇಲೆ ಅದೇ ಐದು ಲೋಟಕ್ಕೆ ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ತಂಬಾಕು ಬಿಟ್ಟಿದ್ದಕ್ಕೇ ಹಿಂಗೆ ಅಂತ ಹೆದರಿ ಡಾಕ್ಟ್ರಿಗೆ ಕೇಳಿದ್ರೆ ಅವ್ರು ನಕ್ಬಿಟ್ರು, ಹೊಗೆ ಸೇದೋರಿಗೆ ಲಿವರ್ ಕಾಫಿ ಅಂಶನ ಬೇಗ ಬೇಗ ಕರಗಿಸುತ್ತಂತೆ, ಸೇದೋದು ನಿಂತ್ರೆ ಅದೇ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಂತೆ. ಎರಡು ಲೋಟಕ್ಕೆ ಇಳಿಸಿದೆ, ನಿದ್ದೆ ಬಂತು. ಗ್ರೂಪಲ್ಲಿ ಹಾಕಿದ ತಕ್ಷಣ ಬಾಮೈದ 'ಬಾವ ನಂಗೂ ಅದೇ ಆಗ್ತಿತ್ತು, ಹಾರ್ಟ್ ಅಟ್ಯಾಕ್ ಅಂದ್ಕೊಂಡು ಯಾರಿಗೂ ಹೇಳಿರ್ಲಿಲ್ಲ' ಅಂದ.

ಬಾಮೈದ ನಿಕೋಟಿನ್ ಗಮ್ ತಗೊಂಡ, 2 ಮಿಲಿಗ್ರಾಂದು. ಮೊದ್ಲು ಬಬಲ್ ಗಮ್ ಥರ ಜಗಿದು ಬಿಕ್ಕಳಿಕೆ ಬಂದು ಬೈಕೊಂಡ. ಹಂಗಲ್ಲ ಅದು, ನಾಲ್ಕೈದು ಸಲ ಅಗಿದು ಚುರುಗುಟ್ಟಿದ ತಕ್ಷಣ ಕೆನ್ನೆ ಸಂದಿಲಿ ಇಟ್ಕೊಂಡು ಸುಮ್ನಿರ್ಬೇಕು, ಮುಂಚೆ ಕಾಲು ಗಂಟೆ ಕಾಫಿ ಟೀ ಕುಡೀಬಾರ್ದು. ಅವ್ನಿಗೆ ಕೆಲಸ ಮಾಡ್ತು. ನನ್ನ ಬಾಯಿ ಪರಿಸ್ಥಿತಿಲಿ ಜಗಿಯೋದೇ ಬೇಡ ಅಂತ ಜೇಬಲ್ಲಿ ಸೋಂಪು ಇಟ್ಕೊಂಡೆ. ಪ್ಯಾಕೆಟ್ ಇಡ್ತಿದ್ದ ಅದೇ ಜೇಬು, ಕೈ ತಾನಾಗೇ ಅಲ್ಲಿಗೆ ಹೋಗೋದಲ್ಲ, ಹೋದ್ರೆ ಏನಾದ್ರೂ ಸಿಗ್ಬೇಕು.

ಒಂಬತ್ತನೇ ದಿನ ನಮ್ಮ ರೂಲೇ ನಮಗೆ ತಿರುಗಿ ಬಿತ್ತು. ಟ್ರ್ಯಾಕ್ಟರ್ ಅಣ್ಣ ಜಾರಿ ಟೀ ಕೊಡಿಸಿದ, ನಾವು ಮೂರು ದಿನ ರೇಗಿಸಿದ್ವಿ, ಆಮೇಲೆ ಅವ್ನು ಜಾರ್ಲೇ ಇಲ್ಲ ಅಂದ್ಕೊಂಡ್ವಿ. ಜಾರ್ತಿದ್ದ, ಹೇಳ್ತಿರ್ಲಿಲ್ಲ. ಎರಡು ವಾರ ಆದ್ಮೇಲೆ ಗದ್ದೆ ಬದೀಲಿ ಸಿಕ್ಕಿಬಿದ್ದ, ನಮ್ಮನ್ನ ನೋಡಿ ಬೀಡಿ ಅಂಗೈಲೇ ಮುಚ್ಕೊಂಡು ಸುಟ್ಕೊಂಡ. ಅವತ್ತೇ ಟೀ ದಂಡ ತೆಗೆದ್ವಿ. ದೊಡ್ಡವ್ವ ಹೇಳಿದ್ಳು, 'ಬಿದ್ದೋನ ಕಂಡು ನಕ್ಕರೆ ಅವ್ನು ಇನ್ನೊಂದಪ ಕತ್ತಲೇಲೇ ಬೀಳ್ತಾನೆ'. ಅಣ್ಣ ಇವತ್ತಿಗೂ ಪೂರ್ತಿ ಬಿಟ್ಟಿಲ್ಲ, ದಿನಕ್ಕೆ ನಾಲ್ಕು ಬೀಡಿ. ಅವ್ನು ಸೋತಿದ್ರಲ್ಲಿ ನಮ್ಮ ಪಾಲೂ ಇದೆ ಅನ್ನೋದು ನನ್ನ ಅಭಿಪ್ರಾಯ, ಬಾಮೈದ ಒಪ್ಪಲ್ಲ.

ಆ ಪಾಠ ನನಗೇ ಉಪಯೋಗಕ್ಕೆ ಬಂತು. ನಲವತ್ತೊಂದನೇ ದಿನ ಒಂದು ಬೀಗರೂಟ. ನಮ್ಮ ಕಡೆ ಬೀಗರೂಟ ಅಂದ್ರೆ ಗೊತ್ತಲ್ಲ, ಬಾಡೂಟ, ಒಂದೆರಡು ಪೆಗ್ಗು, ಎದ್ದು ಕೈ ತೊಳೆದ್ರೆ ತಟ್ಟೇಲಿ ಎಲೆಅಡಿಕೆ ಪಕ್ಕ ಸಿಗರೇಟು ಬಿಡಿಸಿ ಇಟ್ಟಿರ್ತಾರೆ, ಮರ್ಯಾದೆ ಅದು. ಕೈ ಹೋಯ್ತು. ಅರ್ಧ ಸಿಗರೇಟು ಸೇದಿದ್ಮೇಲೆ ತಲೆ ಗಿರ್ ಅಂತು, ಎಸೆದೆ. ಮೊದ್ಲಾಗಿದ್ರೆ ಹೆಂಗೂ ಕೆಟ್ಟೆ ಅಂತ ಪ್ಯಾಕ್ ತಗೊಂಡೇ ಮನೆಗೆ ಹೋಗ್ತಿದ್ದೆ. ಅಲ್ಲೇ ನಿಂತು ಗ್ರೂಪಲ್ಲಿ ವಾಯ್ಸ್ ಹಾಕ್ದೆ, ಅರ್ಧ ಸೇದ್ದೆ ಅಂತ. ಎರಡು ನಿಮಿಷಕ್ಕೆ ದೊಡ್ಡವ್ವನ ವಾಯ್ಸ್ ಬಂತು: 'ಇನ್ನರ್ಧ ಎಸೆದ್ಯಲ್ಲ, ಅದ್ನ ಯೋಳು ಮಗ'. ಅದಾದ್ಮೇಲೆ ಇವತ್ತಿನ ತನಕ ಇಲ್ಲ. ಆರು ತಿಂಗಳು ಕುಡಿಯೋ ಕಡೆ ಹೋಗ್ಲಿಲ್ಲ ಅದು ಬೇರೆ ಮಾತು, ಹೋದ್ರೆ ಜಾರ್ತೀನಿ ಅಂತ ಗೊತ್ತಾಗಿತ್ತು.

ಬಾಯಿಗೆ ಐಸ್‌ಕ್ರೀಮ್ ಕಡ್ಡಿ ಎಕ್ಸರ್‌ಸೈಜ್ ಕೊಟ್ಟಿದ್ರು, ಕಡ್ಡಿಗಳನ್ನ ಒಂದ್ರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯ ಇಟ್ಕೊಳೋದು, ಕೆಲವು ದಿನಕ್ಕೊಮ್ಮೆ ಒಂದು ಕಡ್ಡಿ ಏರಿಸೋದು. ಹದಿನಾಲ್ಕರಿಂದ ಶುರು ಮಾಡಿ ವರ್ಷದ ಮೇಲೆ ಹತ್ತೊಂಬತ್ತಕ್ಕೆ ಬಂದೆ, ಅಲ್ಲಿಗೆ ನಿಂತಿದೆ. ಆರು ತಿಂಗಳಿಗೊಮ್ಮೆ ಹೋಗಿ ತೋರಿಸ್ಕೊಂಡು ಬರ್ತೀನಿ. ಬಸ್ಸಾರು ಖಾರ ಕಮ್ಮಿ ಮಾಡಿ ತಿಂತೀನಿ.

ಜನ ಕೇಳೋದು ಇನ್ನೊಂದು, ಬಿಟ್ಟೋನು ಯಾಕೆ ಬೆಳೀತೀಯ ಅಂತ. ಸಾಲ ಇದೆ, ಲೈಸೆನ್ಸ್ ಇದೆ, ಹೊಗೆಸೊಪ್ಪು ಮಾರೋಕೆ ಹರಾಜು ಕಟ್ಟೆ ಇದೆ, ಒಂದು ತುಂಡು ಹೊಲಕ್ಕೆ ಶುಂಠಿ ಹಾಕಿ ಕೈ ಸುಟ್ಕೊಂಡಿದೀನಿ. ಇದು ಉತ್ತರ ಅಲ್ಲ ಅಂತ ನಂಗೂ ಗೊತ್ತು.

ಬಿಟ್ಟ ವರ್ಷದ ಬ್ಯಾರನ್ ರಾತ್ರಿಗಳಿಗೆ ನಾನು ಭಾಳ ಹೆದರಿದ್ದೆ, ಆದ್ರೆ ಅದು ಸುಲಭವಾಗೇ ಕಳೀತು, ಬಾಮೈದ ನಾನು ಜೊತೇಲೇ ಕೂತು ಮುಸುಕಿನ ಜೋಳ ಸುಟ್ಕೊಂಡು ತಿಂದ್ಕೊಂಡು ಬೆಂಕಿ ನೋಡ್ಕೊಂಡ್ವಿ. ಕಷ್ಟ ಬಂದಿದ್ದು ನಾನು ಲೆಕ್ಕಕ್ಕೇ ಇಟ್ಕೊಳ್ದೇ ಇದ್ದ ಕಡೆಯಿಂದ. ಜುಲೈ ತಿಂಗಳು, ಜಡಿಮಳೆ, ಒದ್ದೆ ಎಲೆ ಮುರಿದು ಕಂಕುಳಲ್ಲಿ ಇಟ್ಕೊಂಡು ಹೊತ್ತು ಹಾಕ್ತಿದ್ದೆ, ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತು, ಬೆವರು, ಬದು ಮೇಲೆ ಕೂತು ವಾಂತಿ. ಹೊಸದಾಗಿ ಕೂಲಿಗೆ ಬರೋ ಹುಡುಗ್ರಿಗೆ ಹಿಂಗಾಗೋದು ನೋಡಿದ್ದೆ, ಇಷ್ಟು ವರ್ಷದಲ್ಲಿ ನಂಗೆ ಒಂದು ದಿನ ಆಗಿರ್ಲಿಲ್ಲ. ಆಸ್ಪತ್ರೇಲಿ ಹೇಳಿದ್ರು, ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕನೇ ಒಳಗೆ ಹೋಗುತ್ತೆ, ಸೇದೋರ ಮೈ ಅದಕ್ಕೆ ಒಗ್ಗಿರುತ್ತೆ, ನಿಮ್ಮ ಮೈಗೆ ಈಗ ಆ ಅಭ್ಯಾಸ ತಪ್ಪಿದೆ ಅಂತ.

ಬಾಮೈದ ಅದನ್ನ ಗ್ರೂಪಲ್ಲಿ ಹಾಕಿ 'ಬಾವ ಪಾಸು' ಅಂದ. ಈಗ ಮಳೆ ನಿಂತು ಎಲೆ ಆರೋ ತನಕ ಹೊಲಕ್ಕೆ ಇಳಿಯಲ್ಲ ನಾನು, ಇಳಿದ್ರೂ ತುಂಬು ತೋಳಿನ ಅಂಗಿ, ಕೈಗೆ ಗ್ಲೌಸು. ಕೂಲಿ ಹೆಂಗಸ್ರು ನಗ್ತಾರೆ, ಹೊಗೆಸೊಪ್ಪಿನ ಯಜಮಾನಂಗೆ ಹೊಗೆಸೊಪ್ಪೇ ಆಗ್ಬರಕ್ಕಿಲ್ವಂತೆ ಅಂತ.